ಮಂಡಿ ತಪಾಸಣೆ

ಒಂದು ಕೈಯಲ್ಲಿ ಬಿಸಿ ಟೀ ಲೋಟ ಹಿಡಿದುಕೊಂಡು, ಒಂದು ಹನಿಯನ್ನೂ ಚೆಲ್ಲದೆ, ಉಳಿದ ಇನ್ನೊಂದೇ ಕೈಯಿಂದ ಒಂದೇ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ನಾನೂರ ಹನ್ನೊಂದು ಪಾಯಿಂಟು ಹೊಡೆದ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಒಬ್ಬ. ಅವನು ನಮ್ಮ ಗಾಜಿನ ಬಾಟಲಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ರಟ್ಟಿನ ಪೆಟ್ಟಿಗೆ ಮಡಚುತ್ತಿದ್ದ. ಪಂದ್ಯ ಮುಗಿಸಿ ಆ ಟೀ ಕುಡಿದ. ನಾಲಿಗೆ ಸುಟ್ಟಿತು, ಅಷ್ಟು ಬೇಗ ಮುಗಿಸಿದ್ದ. ಈ ಕಥೆಯನ್ನು ಇದೇ ಪಡಸಾಲೆಯಲ್ಲಿ ಸಾವಿರ ಸಲ ಹೇಳಿಯಾಗಿದೆ, ಒಬ್ಬರೂ ಅಡ್ಡಬಾಯಿ ಹಾಕಿಲ್ಲ. ಇವತ್ತು ಬಾಗಿಲ ಕೀಲು ಸರಿಮಾಡಲು ಬಂದ ಬಡಗಿಯೂ ಉಳಿ ಕೆಳಗಿಟ್ಟು ಕೇಳುತ್ತಿದ್ದಾನೆ. ಮನೆಯಾಕೆ ಒಗೆದ ಬಟ್ಟೆ ಮಡಚುತ್ತಿದ್ದಾಳೆ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತ ಮನೆಯ ಯಜಮಾನನಂತೂ ಟೀ ಲೋಟದ ಮಾತು ಬಂದಾಗಲೆಲ್ಲ ಮುಗುಳ್ನಗುತ್ತಾನೆ.

ಆದರೆ ಕಥೆ ಆ ಶೂರನದಲ್ಲ, ಅವನ ಭಾವನದು, ಎಂದರೆ ಅಕ್ಕನ ಗಂಡನದು. ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಗೋಡೆ ಎಂದೇ ಕರೆಯುತ್ತಿದ್ದರು. ಒಮ್ಮೆ ಹಿಮ್ಮುಖವಾಗಿ ಬರುತ್ತಿದ್ದ ಲಾರಿಯೊಂದು ಅವನ ಬೆನ್ನಿಗೆ ಗುದ್ದಿತು. ಲಾರಿಯನ್ನು ಗ್ಯಾರೇಜಿಗೆ ಎಳೆದೊಯ್ಯಬೇಕಾಯಿತು. ಅವನು ಡ್ರೈವರನ ಕ್ಷಮೆ ಕೇಳಿ ಕೆಲಸಕ್ಕೆ ಹೋದ.

ಗೋಡೆ ಕಾರ್ಖಾನೆಯ ತಂಡದಲ್ಲಿ ಹನ್ನೆರಡು ವರ್ಷ ಆಡಿದ. ಅಷ್ಟೂ ವರ್ಷಗಳಲ್ಲಿ ಅವನು ಬುಟ್ಟಿಗೆ ಹಾಕಿದ್ದು ನಾಲ್ಕೇ ಸಲ, ಅದರಲ್ಲಿ ಒಂದು ನಮ್ಮದೇ ಬುಟ್ಟಿಗೆ. ಅವನ ಕೆಲಸ ಹಾಕುವುದಲ್ಲ, ತಡೆಯುವುದು. ಎದುರಾಳಿ ಚೆಂಡು ಪುಟಿಸುತ್ತಾ ನುಗ್ಗಿ ಬರುವ ದಾರಿಯಲ್ಲಿ ಕಾಲೂರಿ ನಿಲ್ಲುತ್ತಿದ್ದ. ಗುದ್ದಿಸಿಕೊಂಡು ಬೀಳುತ್ತಿದ್ದ. ಚೆಂಡು ಕೈತಪ್ಪಿ ಉರುಳಿದರೆ ಅದರ ಮೇಲೆ ಮಂಡಿಯೂರಿ ಬೀಳುತ್ತಿದ್ದ. ಎದ್ದು ಮತ್ತೆ ನಿಲ್ಲುತ್ತಿದ್ದ. ಅವನೆದುರು ಆಡಬೇಕಾದವರಿಗೆ ಹಿಂದಿನ ದಿನವೇ ಜ್ವರ ಬರುತ್ತಿತ್ತು. ಒಂದು ತಂಡವಂತೂ ಬಸ್ಸಿನಿಂದ ಇಳಿಯಲೇ ಇಲ್ಲ.

ನಮ್ಮ ಅಂಕಣ ಕಾರ್ಖಾನೆಯ ಹಿಂಭಾಗದಲ್ಲಿ, ಒಡೆದ ಗಾಜಿನ ರಾಶಿಯ ಪಕ್ಕದಲ್ಲಿತ್ತು. ಸಿಮೆಂಟು ನೆಲ. ಎಷ್ಟು ಗುಡಿಸಿದರೂ ಗಾಜಿನ ಪುಡಿ ಉಳಿಯುತ್ತಿತ್ತು. ಅಲ್ಲಿ ಬಿದ್ದು ಎದ್ದವನು ಬಿಸಿಲಿಗೆ ಮಿನುಗುತ್ತಿದ್ದ. ಚರ್ಮದೊಳಗೆ ಹೋದ ಪುಡಿ ಆಚೆ ಬರುತ್ತಿರಲಿಲ್ಲ. ಗೋಡೆ ಕಾಲು ಚಾಚಿ ಕೂತರೆ ಅವನ ಮಂಡಿಗಳ ಬೆಳಕಲ್ಲಿ ಪೇಪರ್ ಓದಬಹುದಿತ್ತು.

ತಂಡದ ಕೋಚ್ ಎಂದರೆ ಕುಲುಮೆಯ ಮೇಸ್ತ್ರಿ. ಅವನು ಹುಟ್ಟಿದಾಗ ಅಳದೆ, ಸುತ್ತ ನಿಂತವರ ಹಾಜರಿ ತೆಗೆದುಕೊಂಡನಂತೆ. ಪಂದ್ಯ ಸೋಲಲಿ ಗೆಲ್ಲಲಿ, ಮುಗಿದ ಮೇಲೆ ಕೈತೊಳೆಯುವ ಕೋಣೆಯ ಉದ್ದನೆಯ ಬೆಂಚಿನ ಮೇಲೆ ಎಲ್ಲರೂ ಸಾಲಾಗಿ ಕೂರಬೇಕು, ಪ್ಯಾಂಟನ್ನು ಮಂಡಿಯಿಂದ ಮೇಲಕ್ಕೆ ಸುತ್ತಬೇಕು. ಮೇಸ್ತ್ರಿ ಕನ್ನಡಕ ಹಾಕಿಕೊಂಡು, ಟಾರ್ಚು ಹಿಡಿದು, ಒಂದೊಂದೇ ಮಂಡಿ ನೋಡುತ್ತಾ ಸಾಲಿನುದ್ದಕ್ಕೂ ಹೋಗುತ್ತಿದ್ದ. ಹಸಿ ಗಾಯವಿದ್ದರೆ ಅವನು ಬಿದ್ದಿದ್ದಾನೆ, ತಡೆದಿದ್ದಾನೆ. ಗಾಯವಿಲ್ಲದಿದ್ದರೆ ನಿಂತು ನೋಡಿದ್ದಾನೆ. ಒಣ ಮಂಡಿಯವನು ಮುಂದಿನ ಪಂದ್ಯಕ್ಕಿಲ್ಲ. ಎಷ್ಟೇ ಪಾಯಿಂಟು ಹೊಡೆದಿರಲಿ, ಮೇಸ್ತ್ರಿಯ ಸ್ವಂತ ಅಳಿಯನೇ ಆಗಿರಲಿ. ಅಳಿಯನೊಬ್ಬ ಇದ್ದ ಕೂಡ. ಎರಡನೇ ವಾರಕ್ಕೇ ಹೊರಬಿದ್ದ; ಮಗಳು ಅಪ್ಪನ ಜೊತೆ ಒಂದು ವರ್ಷ ಮಾತು ಬಿಟ್ಟಳು.

"ಹಾಕೋದು ಬೆರಳಿನ ಕೆಲಸ," ಎನ್ನುತ್ತಿದ್ದ ಮೇಸ್ತ್ರಿ. "ಬೆರಳು ಇವತ್ತು ಇರುತ್ತೆ, ನಾಳೆ ನೆಗಡಿ ಆಗುತ್ತೆ. ನನಗೆ ಮಂಡಿ ತೋರ್ಸಿ."

ತಂಡದಲ್ಲಿರುವವರಿಗೆ ಒಂದು ಸವಲತ್ತಿತ್ತು. ಅವರು ಕುಲುಮೆಯ ಬಾಯಿಗೆ ಹೋಗಬೇಕಾಗಿರಲಿಲ್ಲ, ಉಗ್ರಾಣದಲ್ಲಿ ನೆರಳಿನ ಕೆಲಸ. ಉಳಿದವರಿಗೆ ಅದು ಸುಖ, ಗೋಡೆಗೆ ಅದು ಕಣ್ಣು. ತಂಡಕ್ಕೆ ಸೇರುವ ಮೊದಲು ಅವನು ಆರು ವರ್ಷ ಬೆಂಕಿಯನ್ನೇ ದಿಟ್ಟಿಸಿ ನಿಂತವನು. ಕಣ್ಣಿನ ಡಾಕ್ಟರು ಅವನ ಹೆಂಡತಿಯನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಎರಡೂ ಕಣ್ಣಿನ ಹಿಂದಿನ ಪರದೆ ಸುಟ್ಟಿದೆಯಮ್ಮ. ಇನ್ನೆರಡು ಮೂರು ವರ್ಷ ಬೆಂಕಿ ಮುಂದೆ ನಿಂತ್ರೆ, ಆಮೇಲೆ ನಿಮ್ಮನ್ನ ದನಿಯಿಂದ ಗುರುತು ಹಿಡೀಬೇಕಾಗುತ್ತೆ."

ಆ ಹೆಂಡತಿ ಅದೇ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿದ್ದಳು. ಹಿಂದೆ ದೀಪವಿಟ್ಟ ಗಾಜಿನ ಹಲಗೆಯ ಮುಂದೆ ಬಾಟಲಿಗಳು ಸಾಲಾಗಿ ಹೋಗುತ್ತವೆ, ಬಿರುಕಿದ್ದದ್ದನ್ನು ಎತ್ತಿ ಬಿಸಾಡಬೇಕು. ಅವಳ ಕಣ್ಣಿನ ಬಗ್ಗೆ ಏನು ಹೇಳಲಿ. ಹಾರುವ ನೊಣದ ರೆಕ್ಕೆಯಲ್ಲಿ ಬಿರುಕಿದ್ದರೆ ಆ ನೊಣವನ್ನು ಕೆಳಗಿಳಿಸಿ ವಾಪಸು ಕಳಿಸುತ್ತಿದ್ದಳು. ಡಾಕ್ಟರ ಮಾತು ಕೇಳಿದ ದಿನ ಅವಳು ಗಂಡನಿಗೆ ಹೇಳಿದ್ದು ಇಷ್ಟು: "ಬೀಳಿ. ಎಷ್ಟು ಬೇಕಾದ್ರೂ ಬೀಳಿ. ಮಂಡಿ ಹೋದ್ರೆ ಹೋಗ್ಲಿ, ನನ್ನ ಮುಖ ಮರೀಬೇಡಿ."

ಹೀಗೆ ಗೋಡೆ ಹಲ್ಲು ಕಚ್ಚಿ ಬೀಳುತ್ತಿದ್ದ. ತಂಡ ಹತ್ತೊಂಬತ್ತು ಹದಿನೇಳು, ಹದಿನಾಲ್ಕು ಹದಿಮೂರು ಎಂದು ಗೆಲ್ಲುತ್ತಿತ್ತು. ನೋಡಲು ಬಂದವರು ಆಕಳಿಸುತ್ತಿದ್ದರು. ಒಂದು ಪಂದ್ಯದಲ್ಲಂತೂ ರೆಫರಿಯೇ ಸೀಟಿ ಬಾಯಲ್ಲಿಟ್ಟುಕೊಂಡು ನಿದ್ದೆ ಹೋದ, ಗೊರಕೆಗೆಲ್ಲ ಫೌಲು ಬಿತ್ತು.

ಆಗ ಬಂದವನು ಭಾವಮೈದುನ. ಗೋಡೆ ಒಂದು ದಿನ ಹೆಂಡತಿಯ ತಮ್ಮನಿಗೆ ಊಟದ ಡಬ್ಬಿ ಕೊಡಲು ಪ್ಯಾಕಿಂಗ್ ವಿಭಾಗಕ್ಕೆ ಹೋದ. ಆ ಹುಡುಗಾಟದ ಆಸಾಮಿ ಅಂಟುಪಟ್ಟಿಯ ಚೂರುಗಳನ್ನು ಉಂಡೆ ಮಾಡಿ, ಬೆನ್ನು ತಿರುಗಿಸಿ ನಿಂತು, ನಲವತ್ತಡಿ ದೂರದ ಕಸದ ಡಬ್ಬಕ್ಕೆ ಎಸೆಯುತ್ತಿದ್ದ. ಒಂದೂ ತಪ್ಪಲಿಲ್ಲ. ಡಬ್ಬ ತುಂಬಿತು, ಡಬ್ಬ ಬದಲಾಯಿಸಿದರು, ಅದೂ ತುಂಬಿತು. ಅವನ ಬೆರಳುಗಳು ಎಷ್ಟು ನವಿರಾಗಿದ್ದವೆಂದರೆ ಮುಂದೆ ಜನ ಅವನಿಗೆ ಹೂಗೈ ಎಂದೇ ಹೆಸರಿಟ್ಟರು. ನೋಡಲೂ ಬಹಳ ಚೆಲುವ. ಇದನ್ನು ಒತ್ತಿ ಹೇಳಬೇಕು, ಬಹಳ ಚೆಲುವ.

ಗೋಡೆ ಅವನ ರಟ್ಟೆ ಹಿಡಿದು ಮೇಸ್ತ್ರಿಯ ಮುಂದೆ ನಿಲ್ಲಿಸಿದ. ಹೂಗೈ ಹತ್ತು ಸಲ ಎಸೆದ, ಹತ್ತೂ ಬಿತ್ತು. ಮೇಸ್ತ್ರಿ ಬುಟ್ಟಿಯ ಕಡೆ ನೋಡಲೇ ಇಲ್ಲ, ಹೂಗೈಯ ಕಾಲು ನೋಡುತ್ತಿದ್ದ.

"ಬೀಳ್ತಾನಾ ಇವನು?"

"ಇವನ ಪಾಲಿಂದೂ ನಾನೇ ಬೀಳ್ತೀನಿ ಬಿಡಿ," ಎಂದ ಗೋಡೆ.

ಮೇಸ್ತ್ರಿ ಬಹಳ ಹೊತ್ತು ಗಲ್ಲ ಕೆರೆದುಕೊಂಡ. ಕೊನೆಗೆ ಒಂದು ವಿನಾಯಿತಿ ಕೊಟ್ಟ. ಒಂದು ಮನೆಯ ನಾಲ್ಕು ಮಂಡಿ ಒಟ್ಟಿಗೆ ಲೆಕ್ಕ. ನಾಲ್ಕರಲ್ಲಿ ಎರಡು ಹಸಿಯಾಗಿದ್ದರೆ ಸಾಕು.

ಆ ವರ್ಷ ತಂಡ ಆಡಿದ ಆಟ ಸೂರ್ಯ ನಿಂತು ನೋಡುವಂಥದ್ದು. ಗೋಡೆ ತನ್ನ ಎದುರಾಳಿಯನ್ನೂ ತಡೆಯುತ್ತಿದ್ದ, ಭಾವಮೈದುನನ ಎದುರಾಳಿಯನ್ನೂ ತಡೆಯುತ್ತಿದ್ದ. ಚೆಂಡು ಕಿತ್ತುಕೊಂಡು, ನೆಲದ ಮೇಲೆ ಮಲಗಿದ್ದಲ್ಲಿಂದಲೇ ಆಚೆ ತಳ್ಳುತ್ತಿದ್ದ. ಆಚೆ ಹೂಗೈ ಕೂದಲು ಸರಿಮಾಡಿಕೊಂಡು ಕಾಯುತ್ತಿದ್ದ. ಚೆಂಡು ಬಂತು, ಹಾರಿತು, ಬಲೆ ಸುಯ್ ಎಂದಿತು. ಜನ ಎದ್ದು ನಿಂತು "ಹೂಗೈ, ಹೂಗೈ" ಎಂದು ಕೂಗುತ್ತಿದ್ದರು. ಗೋಡೆಯ ಹೆಸರನ್ನು ಯಾರೂ ಕೂಗಲಿಲ್ಲ. ಆ ಹೊತ್ತಿಗೆ ಅವನು ಸಾಮಾನ್ಯವಾಗಿ ಮಂಡಿಯಿಂದ ಗಾಜು ಕೀಳುತ್ತಿರುತ್ತಿದ್ದ.

"ಭಾವ, ಚೆಂಡು ನಿಮ್ಮ ಕೈಗೆ ಬಂದ್ರೆ ಅದೂ ಗಾಬರಿ ಆಗುತ್ತೆ ನೋಡಿ," ಎಂದು ಹೂಗೈ ಎಲ್ಲರ ಮುಂದೆ ಚುಡಾಯಿಸುತ್ತಿದ್ದ.

"ನನ್ನ ಕೈಗೆ ಬಂದ ಚೆಂಡು ಅಳುತ್ತೆ ಕಣೋ, ನಿನ್ನ ಹತ್ರ ಕಳಿಸು ಅಂತ," ಎನ್ನುತ್ತಿದ್ದ ಗೋಡೆ. ಎಲ್ಲರಿಗಿಂತ ಜೋರಾಗಿ ಅವನೇ ನಗುತ್ತಿದ್ದ.

ಅಷ್ಟರಲ್ಲಿ ಕಾರ್ಖಾನೆಯಲ್ಲಿ ಎರಡನೇ ಕುಲುಮೆ ಹೊತ್ತಿಸಿದರು. ಆಳು ಸಾಲಲಿಲ್ಲ. ತಂಡದಲ್ಲಿ ಹತ್ತು ಜನ ಯಾಕೆ, ಆಡುವವರು ಐದೇ ತಾನೇ, ಎಂದ ಮ್ಯಾನೇಜರ್. ನಡುವೆ ಒಬ್ಬ ಬಿದ್ದುಹೋದರೆ ಎಂದು ಮೇಸ್ತ್ರಿ ಕೇಳಿದ್ದಕ್ಕೆ, ನಾಲ್ವರು ಆಡಲಿ ಎಂದ. ನಾಲ್ಕು ಹೆಸರು ಸುಲಭವಾಗಿ ನಿಂತವು. ಐದನೆಯದಕ್ಕೆ ಗೋಡೆ ಮತ್ತು ಹೂಗೈ ಉಳಿದರು. ತಡೆಯುವವನೋ, ಹಾಕುವವನೋ. ಮೇಸ್ತ್ರಿಗೆ ಇಬ್ಬರೂ ಬೇಕಿತ್ತು. ಮೂರು ದಿನ ಅನ್ನ ನೀರು ಬಿಟ್ಟ, ನಾಲ್ಕನೇ ದಿನ ತನ್ನ ಹಳೆಯ ನಿಯಮದ ಹಿಂದೆ ಅಡಗಿದ. ಶನಿವಾರದ ಸೆಮಿಫೈನಲ್ ಮುಗಿದ ಮೇಲೆ ಮಂಡಿ ತಪಾಸಣೆ. ವಿನಾಯಿತಿ ರದ್ದು. ಅವರವರ ಮಂಡಿ ಅವರವರಿಗೆ. ಹಸಿ ಮಂಡಿಯವನು ಉಳಿಯುತ್ತಾನೆ, ಒಣ ಮಂಡಿಯವನು ಹೋಗುತ್ತಾನೆ.

ಗುರುವಾರ ಅಕ್ಕ ತಮ್ಮನನ್ನು ಅಡುಗೆಮನೆಗೆ ಕರೆದಳು. ಗೋಡೆ ಹೊರಗೆ ಚಪ್ಪಲಿಗೆ ಹೊಲಿಗೆ ಹಾಕುತ್ತಾ ಕೂತಿದ್ದ, ಎಲ್ಲ ಕೇಳುತ್ತಿತ್ತು.

"ತಂಡ ಬಿಟ್ರೆ ನೀನೆಲ್ಲಿಗೆ ಹೋಗ್ತೀಯ?" ಎಂದಳು.

"ವಾಪಸ್ ಪ್ಯಾಕಿಂಗಿಗೆ."

"ರಟ್ಟು ಮಡಚ್ತೀಯ. ಅವರೆಲ್ಲಿಗೆ ಹೋಗ್ತಾರೆ?"

ತಮ್ಮ ಒಲೆಯ ಕಡೆ ಕಣ್ಣು ಹಾಯಿಸಿದ.

"ಬಾಯಲ್ಲಿ ಹೇಳು."

"ಬೆಂಕಿ ಮುಂದಕ್ಕೆ."

"ಹಂ."

"ಅಕ್ಕಾ, ನೀನ್ಯಾಕೆ ತಲೆ ಕೆಡಿಸ್ಕೋತೀಯ. ನಾನು ಹುಟ್ಟಿದಾಗಿಂದ ಬಿದ್ದವನಲ್ಲ. ನನ್ನ ಮಂಡಿ ಒಣಗೇ ಇರುತ್ತೆ. ಮೇಸ್ತ್ರಿನೇ ನನ್ನ ಕಿತ್ತು ಹಾಕ್ತಾನೆ, ನಿನ್ನಾಣೆ."

ಅಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಹೊರಗೆ ಗೋಡೆ ದಾರ ಕಚ್ಚಿ ಹರಿದ.

ಶನಿವಾರ. ಆ ಪಂದ್ಯ ನೋಡಲು ಬಂದ ಜನ ಎಷ್ಟೆಂದರೆ ಗಾಜಿನ ರಾಶಿಯ ಮೇಲೂ ಬರಿಗಾಲಲ್ಲಿ ನಿಂತಿದ್ದರು, ಒಬ್ಬರಿಗೂ ಚುಚ್ಚಲಿಲ್ಲ, ಅಷ್ಟು ಮೈಮರೆತಿದ್ದರು. ಗೋಡೆ ಅರವತ್ಮೂರು ಸಲ ಬಿದ್ದ. ಬೇಕೆಂದೇ ಬಿದ್ದ ಎನ್ನುವವರೂ ಇದ್ದಾರೆ. ಚೆಂಡು ಇಲ್ಲದ ಕಡೆಯೂ ಬಿದ್ದ ಎನ್ನುತ್ತಾರೆ. ಬಿದ್ದಾಗಲೆಲ್ಲ ಎದ್ದು ಒಮ್ಮೆ ಮಂಡಿ ನೋಡಿಕೊಳ್ಳುತ್ತಿದ್ದ. ಇತ್ತ ಹೂಗೈ ಹಾಕಿದ್ದೇ ಹಾಕಿದ್ದು. ಕೊನೆಯ ನಿಮಿಷದಲ್ಲಿ ಚೆಂಡು ಆಚೆ ಉರುಳಿತು ನೋಡಿ, ಆಟದ ಕಾವಿನಲ್ಲಿ ಹೂಗೈಗೆ ತಾನು ಯಾರೆಂಬುದೇ ಮರೆತುಹೋಯಿತು. ಹದ್ದಿನಂತೆ ಎರಗಿದ. ನೆಲ ಬಿರಿಯಿತು. ಎರಡೂ ಮಂಡಿ ಕಿತ್ತು ಬಂತು. ಏನು ಮಾಡುವುದು, ಶೂರರ ಹಣೆಬರಹ.

ಪಂದ್ಯ ಗೆದ್ದರು. ಕೈತೊಳೆಯುವ ಕೋಣೆಯ ಬೆಂಚಿನ ಮೇಲೆ ಸಾಲಾಗಿ ಕೂತರು. ಮೇಸ್ತ್ರಿ ಕನ್ನಡಕ ಹಾಕಿಕೊಂಡ. ಮೊದಲ ನಾಲ್ವರು ಮುಗಿದು ಟಾರ್ಚು ಗೋಡೆಯ ಮಂಡಿಗೆ ಬಂತು, ಅಲ್ಲೇ ನಿಂತಿತು.

ಗಾಯವಿರಲಿಲ್ಲ.

ಹನ್ನೆರಡು ವರ್ಷ ಬಿದ್ದ ಮಂಡಿ ಅದು. ಚರ್ಮ ದಪ್ಪಗಟ್ಟಿ ಹಳೇ ಬೂಟಿನ ಅಟ್ಟೆಯಂತಾಗಿತ್ತು. ಬೂದು ಬಣ್ಣ, ಒಳಗೆಲ್ಲ ಗಾಜಿನ ಪುಡಿ ಮಿನುಗುತ್ತಿತ್ತು. ಅರವತ್ಮೂರು ಸಲ ಬಿದ್ದರೂ ಒಂದು ಹನಿ ರಕ್ತವಿಲ್ಲ. ಮೇಸ್ತ್ರಿ ಹೆಬ್ಬೆರಳಿನಿಂದ ಉಜ್ಜಿದ. ಚಿವುಟಿದ. ಮಗ್ಗಿನಲ್ಲಿ ನೀರು ತಂದು ಹೊಯ್ದು ಮತ್ತೆ ನೋಡಿದ.

"ಗೋಡೆಗೆ ಎಲ್ಲಾದ್ರೂ ರಕ್ತ ಬರುತ್ತೇನ್ರೀ," ಎಂದ ಸಾಲಿನಲ್ಲಿದ್ದವನೊಬ್ಬ. ಎಲ್ಲರೂ ನಕ್ಕರು.

ಗೋಡೆ ನಗಲಿಲ್ಲ. "ಮೇಸ್ತ್ರಿ, ನೀವೇ ನೋಡಿದ್ರಲ್ಲ, ನಾನು ಬಿದ್ದಿದ್ದು," ಎಂದ. ಅವನ ದನಿ ಹಾಗೆ ಸಣ್ಣಗಾಗಿದ್ದನ್ನು ಯಾರೂ ಕೇಳಿರಲಿಲ್ಲ.

"ನೋಡಿದೆ. ಕಣ್ಣಲ್ಲಿ ನೋಡಿದ್ದನ್ನೇ ಲೆಕ್ಕಕ್ಕೆ ಹಿಡಿದಿದ್ರೆ ನನ್ನ ಅಳಿಯನೂ ಇಲ್ಲೇ ಇರ್ತಿದ್ದ."

ಟಾರ್ಚು ಪಕ್ಕಕ್ಕೆ ಸರಿಯಿತು. ಹೂಗೈಯ ಎರಡೂ ಮಂಡಿಯಿಂದ ರಕ್ತ ಕಾಲ್ಚೀಲದವರೆಗೆ ಇಳಿದಿತ್ತು. ಗೋಡೆ ಆ ಮಂಡಿಗಳನ್ನು ನೋಡಿದ, ಆಮೇಲೆ ಭಾವಮೈದುನನ ಮುಖ ನೋಡಿದ, ಬಹಳ ಹೊತ್ತು.

"ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದ ಮೇಸ್ತ್ರಿ.

ಆಗ ಗೋಡೆ ಎದ್ದು ನಿಂತು, ಭಾವಮೈದುನನನ್ನು ಬಾಚಿ ತಬ್ಬಿಕೊಂಡು, "ಹೋಗು ಶೂರ, ಕಪ್ ತಗೊಂಡು ಬಾ, ನನ್ನ ಕಣ್ಣು ಹೋದರೂ ಚಿಂತೆಯಿಲ್ಲ" ಎಂದು ಕಲ್ಲೂ ಕರಗುವಂತೆ ಒಂದು ಭಾಷಣ ಮಾಡಿದ. ಮೇಸ್ತ್ರಿ ಅತ್ತ. ನಲ್ಲಿ ಅತ್ತಿತು. ಮುಂದಿನ ವಾರ ಫೈನಲ್. ಅಲ್ಲಿಯೇ ಟೀ ಲೋಟ, ಅಲ್ಲಿಯೇ ನಾನೂರ ಹನ್ನೊಂದು. ಆಳೆತ್ತರದ ಕಪ್ಪನ್ನು ಹೊತ್ತು ತರಲು ಎರಡು ಲಾರಿ ಬೇಕಾದವು. ಗೋಡೆ ನಗುನಗುತ್ತಾ ಕುಲುಮೆಗೆ ಹೋದ. ಹೀಗೆ ಎಲ್ಲರಿಗೂ ಒಳ್ಳೆಯದಾಯಿತು.

"ಆ ಕಪ್ ಎಲ್ಲಿದೆ?"

ಕೇಳಿದ್ದು ಬಡಗಿಯಲ್ಲ. ಬಟ್ಟೆ ಮಡಚುತ್ತಿದ್ದ ಮನೆಯಾಕೆ.

"ಕಾರ್ಖಾನೆಯಲ್ಲಿರಬೇಕು," ಎಂದೆ.

"ಕಾರ್ಖಾನೇಲಿ ಕಪ್ ಇಡೋ ಬೀರುವನ್ನ ವಾರಕ್ಕೊಂದ್ಸಲ ಒರೆಸ್ತಿದ್ದವಳು ನಾನು." ಅವಳು ಕೈಲಿದ್ದ ಅಂಗಿಯನ್ನು ಪಕ್ಕಕ್ಕಿಟ್ಟಳು. "ಪ್ಯಾಂಟ್ ಮೇಲೆತ್ತು."

"ಅಕ್ಕಾ, ಬಡಗಿ ಮುಂದೆ ಇದೇನು."

"ಎತ್ತು ಅಂದೆ. ಹದಿನೆಂಟು ವರ್ಷದಿಂದ ಸುಡು ಬೇಸಿಗೆಲೂ ಉದ್ದ ಪ್ಯಾಂಟ್ ಹಾಕ್ತೀಯ. ನೆಲ ಬಿರಿಯೋ ಹಾಗೆ ಬಿದ್ದ ಮಂಡಿ, ನಾನೂ ನೋಡಬೇಕು."

ಎತ್ತಿದೆ. ಅವಳು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಕಾಲನ್ನು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಬಾಟಲಿ ತಿರುಗಿಸುವ ಹಾಗೆಯೇ, ಸ್ವಲ್ಪ ಸ್ವಲ್ಪವಾಗಿ. ನೋಡುವುದಕ್ಕೆ ಅವಳಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

"ಇದ್ರಲ್ಲಿ ಗಾಜಿಲ್ಲ," ಎಂದಳು. "ಆ ನೆಲದ ಮೇಲೆ ಬಿದ್ದವರ ಮಂಡಿ ನಾನು ಹನ್ನೆರಡು ವರ್ಷ ತೊಳೆದಿದ್ದೀನಿ. ಇಲ್ಲಿ ಒಂದು ಚೂರೂ ಮಿನುಗಲ್ಲ. ಗೆರೆ ಎಲ್ಲಾ ಮೇಲಿಂದ ಕೆಳಕ್ಕೆ, ಎರಡು ಮಂಡಿಗೂ ಒಂದೇ ಅಳತೆ. ಇದು ಬಿದ್ದಿದ್ದಲ್ಲ, ಉಜ್ಜಿದ್ದು. ಯಾವುದ್ರಲ್ಲಿ ಉಜ್ಜಿದೆ?"

ಬಡಗಿ ತಲೆ ತಗ್ಗಿಸಿ ಉಳಿಯ ಮೊನೆ ನೋಡುತ್ತಿದ್ದ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಭಾವ, ನಮ್ಮ ಗೋಡೆ, ದನಿ ಬಂದ ಕಡೆಗೆ ಮುಖ ತಿರುಗಿಸಿದ. ಕಣ್ಣು ತೆರೆದೇ ಇತ್ತು. ಈಗ ಅವೆರಡೂ ಬರಿಯ ಅಲಂಕಾರಕ್ಕೆ.

"ಇಟ್ಟಿಗೇಲಿ," ಎಂದೆ.

ಹೌದು, ಹೂಗೈ ನಾನೇ. ಚೆಲುವನಂತೂ ಅಲ್ಲ. ಆ ಸೆಮಿಫೈನಲ್‌ನಲ್ಲಿ ನಾನು ಹೊಡೆದದ್ದು ಹದಿನಾಲ್ಕು ಪಾಯಿಂಟು. ಅದರಲ್ಲಿ ಹನ್ನೆರಡು ಪಾಯಿಂಟಿನ ಚೆಂಡನ್ನು ಭಾವ ನೆಲದ ಮೇಲಿಂದ ಕಳಿಸಿದ್ದ. ನಾನು ಒಂದು ಸಲವೂ ಬೀಳಲಿಲ್ಲ. ಗುರುವಾರ ಅಕ್ಕನ ಮೇಲೆ ಆಣೆ ಇಟ್ಟಿದ್ದು ನಿಜವಾಗಿಯೇ ಇಟ್ಟಿದ್ದೆ. ಆದರೆ ಪಂದ್ಯ ಮುಗಿದಾಗ ಜನ ನನ್ನ ಹೆಸರು ಕೂಗಿದರು, ಫೈನಲ್‌ನಲ್ಲಿ ಇನ್ನೊಂದು ಸಲ ಅದನ್ನು ಕೇಳಬೇಕೆನಿಸಿತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿ ಹುಡುಕಿ ಸಾಕಾಗಿದೆ, ಸಿಕ್ಕಿಲ್ಲ. ಕೈತೊಳೆಯುವ ಕೋಣೆಯ ಹಿಂದೆ, ನೀರಿನ ತೊಟ್ಟಿಯ ಮರೆಯಲ್ಲಿ ಅರ್ಧ ಇಟ್ಟಿಗೆ ಬಿದ್ದಿತ್ತು.

ಎಡ ಮಂಡಿ ಮುಗಿಸಿ ಬಲ ಮಂಡಿ ಉಜ್ಜುತ್ತಿದ್ದಾಗ ಭಾವ ಮುಖ ತೊಳೆಯಲು ಹಿಂಬಾಗಿಲು ತೆರೆದ. ನನ್ನನ್ನು ನೋಡಿದ, ಇಟ್ಟಿಗೆ ನೋಡಿದ, ಬಾಗಿಲನ್ನು ಸದ್ದಾಗದ ಹಾಗೆ ಮತ್ತೆ ಹಾಕಿದ. ಅಷ್ಟು ಸಲ ಬಿದ್ದ ಮೇಲೆ ತನ್ನ ಮಂಡಿಯಲ್ಲಿ ಎಲ್ಲಾದರೂ ಗಾಯ ಇದ್ದೇ ಇರುತ್ತದೆ, ಹೇಗೂ ತಾನೇ ಉಳಿಯುತ್ತೇನೆ, ಹೆಂಡತಿಯ ತಮ್ಮನ ಮಾನ ಯಾಕೆ ಕಳೆಯಬೇಕು ಎಂದುಕೊಂಡಿರಬೇಕು.

ಅವನು ಭಾಷಣ ಮಾಡಲಿಲ್ಲ. ಮೇಸ್ತ್ರಿ ಏನಾದರೂ ಹೇಳುವುದಿದೆಯಾ ಎಂದು ಕೇಳಿದಾಗ ತುಟಿ ಪಿಟಕ್ಕೆನ್ನದೆ ನನ್ನ ಬಾಯಿಂದ ಮಾತು ಬರಲಿ ಎಂದು ಕಾಯುತ್ತಿದ್ದ. ನಾನು ಕಾಲನ್ನು ಇನ್ನಷ್ಟು ಮುಂದಕ್ಕೆ ಚಾಚಿದೆ, ರಕ್ತ ಚೆನ್ನಾಗಿ ಕಾಣಲಿ ಅಂತ. ಆಮೇಲೆ ಅವನು ಪ್ಯಾಂಟು ಕೆಳಗಿಳಿಸಿಕೊಂಡ.

ಫೈನಲ್‌ನಲ್ಲಿ ನನ್ನ ಎದುರಾಳಿಯನ್ನು ನಾನೇ ತಡೆಯಬೇಕಾಗಿ ಬಂತು. ಅವನು ಒಬ್ಬನೇ ಮೂವತ್ತೆರಡು ಹಾಕಿದ, ಪ್ರತಿ ಸಲವೂ ನನ್ನ ಪಕ್ಕದಿಂದಲೇ ಹಾದುಹೋಗಿ. ಯಾರೂ ತಡೆಯದಿದ್ದರೆ ಚೆಂಡು ನಮ್ಮ ಕಡೆಗೆ ಬರುವುದೇ ಇಲ್ಲ ಎಂಬುದು ನನಗೆ ಅಂದು ತಿಳಿಯಿತು. ಖಾಲಿ ಕೈ ಎತ್ತಿಕೊಂಡು ನಿಂತೇ ಇದ್ದೆ. ನಾನು ಹಾಕಿದ್ದು ಆರು ಪಾಯಿಂಟು. ಸೋತದ್ದು ಐವತ್ತೆಂಟು ಇಪ್ಪತ್ತೊಂದು. ಜನ ನನ್ನ ಹೆಸರು ಕೂಗಿದರು, ನಗುವುದಕ್ಕೆ. ಅದೇ ವಾರ ಮ್ಯಾನೇಜರ್ ತಂಡವನ್ನೇ ಮುಚ್ಚಿ ಉಳಿದ ನಾಲ್ವರನ್ನೂ ಕುಲುಮೆಗೆ ಕಳಿಸಿದ. ನಾನು ರಟ್ಟು ಮಡಚಲು ಹೋದೆ. ಭಾವ ಮೂರು ವರ್ಷ ಎರಡು ತಿಂಗಳು ಬೆಂಕಿಯ ಮುಂದೆ ನಿಂತ. ಡಾಕ್ಟರು ಹೇಳಿದ್ದು ಹೆಚ್ಚುಕಡಿಮೆ ಸರಿಯಾಗಿತ್ತು.

ಇಷ್ಟನ್ನೂ ಬಡಗಿಯ ಮುಂದೆಯೇ ಹೇಳಿದೆ. ಅಕ್ಕ ನನ್ನ ಕಾಲು ಬಿಟ್ಟು ಎದ್ದಳು. ಅಳಲಿಲ್ಲ, ಬೈಯಲೂ ಇಲ್ಲ. ಗಂಡನ ಕಡೆ ತಿರುಗಿ, "ನಿಮಗೆ ಗೊತ್ತಿತ್ತು," ಎಂದಳು.

"ಬಿಡೇ," ಎಂದ ಭಾವ. "ನಿನ್ನ ತಮ್ಮ. ಟೀ ಲೋಟದ್ದು ಚೆನ್ನಾಗಿ ಹೇಳ್ತಾನೆ."

"ಟೀ ಇರ್ಲಿಲ್ಲ ಭಾವ."

"ಅದೂ ಗೊತ್ತು ಕಣೋ."

ಅಕ್ಕ ಒಂದು ಅಂಗಿ ಕೈಗೆತ್ತಿಕೊಂಡಳು, ಅದು ನನ್ನದು. ಅದನ್ನು ಮಡಚದೆ ಮತ್ತೆ ರಾಶಿಗೆ ಹಾಕಿದಳು.